ಖದೀಜಾ: ಒಂದು ಹೆಸರಿನ ಅರ್ಥ ಮತ್ತು ಪರಂಪರೆ

ವ್ಯಕ್ತಿನಾಮಗಳ ಅರ್ಥವನ್ನು ನಿಘಂಟಿನಿಂದಲೇ ನಿರ್ಣಯಿಸುವುದು ರೂಢಿಯಾಗಿದೆ. ಈ ರೂಢಿಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು 'ಖದೀಜಾ' ಎಂಬ ಅರಬ್ಬೀ ಸ್ತ್ರೀನಾಮವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಹೆಸರು ಖ, ದ, ಜ ಎಂಬ ಮೂರು ವ್ಯಂಜನಗಳ ಧಾತುವಿನಿಂದ ಬಂದುದು. ಹೆಣ್ಣೊಂಟೆಯು ದಿನ ತುಂಬುವ ಮೊದಲೇ ಮರಿ ಹಾಕುವುದನ್ನು ಅರಬ್ಬರು ಈ ಧಾತುವಿನಿಂದ ಸೂಚಿಸುತ್ತಿದ್ದರು. ಇದರಿಂದಲೇ ಹುಟ್ಟಿದ 'ಖಿದಾಜ್' ಎಂಬ ಪದಕ್ಕೆ ನ್ಯೂನತೆ ಎಂದರ್ಥ. ಆದುದರಿಂದ ಖದೀಜಾ ಎಂದರೆ ದಿನ ತುಂಬುವ ಮುನ್ನ ಹುಟ್ಟಿದವಳು. ನಿಘಂಟನ್ನೇ ಪ್ರಮಾಣವೆಂದು ಹಿಡಿದರೆ, ತಾಯಿತಂದೆಗಳು ಬಯಸಿ ಇಡುವ ಹೆಸರು ಇದಲ್ಲ. ಆದರೂ ಇದು ಮೊರಾಕ್ಕೋದಿಂದ ಇಂಡೊನೇಷ್ಯದವರೆಗೆ ಹಬ್ಬಿದೆ. ತುರ್ಕಿಯಲ್ಲಿ 'ಹತೀಜೆ' ಎಂದೂ, ನಮ್ಮ ಕರಾವಳಿಯಲ್ಲಿ 'ಖತೀಜಾ', 'ಖತೀಜಮ್ಮ' ಎಂದೂ ರೂಪ ತಳೆದಿದೆ.

ಇದರ ಕಾರಣವನ್ನು ಚರಿತ್ರೆಯಲ್ಲಿ ಅರಸಬೇಕು. ಮಕ್ಕಾ ನಗರದ ಕುರೈಷ್ ಕುಲದ ಖುವೈಲಿದನ ಮಗಳು ಖದೀಜಾ ಅವರು ಸ್ವಂತ ಬಂಡವಾಳದಿಂದ ಸಿರಿಯಾ ಕಡೆಗೆ ಸರಕು ಕಳುಹಿಸುತ್ತಿದ್ದ ವ್ಯಾಪಾರಿ. ಅವರ ಸರಕನ್ನು ಒಯ್ದ ಮುಹಮ್ಮದರೇ ಮುಂದೆ ಅವರ ಪತಿಯಾದರು. ಪೈಗಂಬರರ ಸಂದೇಶವನ್ನು ಮೊಟ್ಟಮೊದಲು ನಂಬಿದವರೂ ಇವರೇ. ಕ್ರಿ.ಶ. 619ರಲ್ಲಿ ಇವರು ನಿಧನರಾದ ಮೇಲೆ, ಧಾತ್ವರ್ಥವು ಹಿಂದೆ ಸರಿದು, ಇವರ ಬಾಳೇ ಹೆಸರಿಗೆ ಅರ್ಥವಾಯಿತು.

14ನೆಯ ಶತಮಾನದಲ್ಲಿ ಮಾಲ್ಡೀವ್ಸ್ ದ್ವೀಪಗಳ ರಾಣಿಯ ಹೆಸರೂ ಖದೀಜಾ. 1344ರಲ್ಲಿ ಅಲ್ಲಿ ಖಾಜಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ, ಶುಕ್ರವಾರದ ಖುತ್ಬಾದಲ್ಲಿ ಆಕೆಯ ಹೆಸರನ್ನೇ ಉಚ್ಚರಿಸುತ್ತಿದ್ದರೆಂದು ಬರೆದಿದ್ದಾನೆ. ಆಡಳಿತವು ಆಕೆಯ ಪತಿಯಾದ ವಜೀರನ ಕೈಯಲ್ಲಿತ್ತೆಂದೂ ಅವನೇ ಹೇಳುತ್ತಾನೆ. ಆದರೂ ಖುತ್ಬಾದಲ್ಲಿ ಹೆಸರು ಸೇರುವುದು ಅಂದಿನ ಮುಸ್ಲಿಂ ರಾಜ್ಯಗಳಲ್ಲಿ ಸಾರ್ವಭೌಮತ್ವದ ಕುರುಹಾಗಿತ್ತೆಂಬುದನ್ನು ಮರೆಯಲಾಗದು.

ಮಾಲ್ಡೀವ್ಸಿಗೆ ಹೋಗುವ ಮುನ್ನ ಇದೇ ಪ್ರವಾಸಿಯು ನಮ್ಮ ಹೊನ್ನಾವರದಲ್ಲಿ ತಂಗಿದ್ದನು. ಅಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳನ್ನು ಕಂಡೆನೆಂದೂ, ಸ್ತ್ರೀಯರು ಕುರಾನನ್ನು ಕಂಠಸ್ಥ ಮಾಡಿದ್ದರೆಂದೂ ಆತ ಬರೆದಿದ್ದಾನೆ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಹೆಸರನ್ನು ದಾಖಲಿಸಿದ ಅವನು, ಓದುತ್ತಿದ್ದ ಆ ಬಾಲಕಿಯರಲ್ಲಿ ಒಬ್ಬಳ ಹೆಸರನ್ನೂ ಉಳಿಸಲಿಲ್ಲ.

ಗ್ರಂಥಗಳು ಹೀಗೆ ಮೌನವಾಗಿರುವ ಕಡೆ, ಮನೆಮನೆಗಳಲ್ಲಿ ಉಳಿದುಬಂದ ಹೆಸರುಗಳೂ ಚರಿತ್ರೆಯ ಆಕರಗಳೇ. ಹೆಸರಿನಿಂದ ವ್ಯಕ್ತಿಯ ಚರಿತ್ರೆ ತಿಳಿಯಲಾರದು. ಆದರೆ ಒಂದು ಸಮಾಜವು ಯಾರನ್ನು ತನ್ನ ನೆನಪಿನಲ್ಲಿ ಇರಿಸಿಕೊಂಡಿತೆಂಬುದು ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಸ್ತ್ರೀನಾಮಗಳನ್ನು ಈ ದೃಷ್ಟಿಯಿಂದ ಸಂಗ್ರಹಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.