ಮಂದ ಬೆಳಕಿನ ಸಮಾರಂಭ: ವೀಡಿಯೊಗೆ ಯಾವ ಅಲ್ಟ್ರಾ ವೈಡ್ ಲೆನ್ಸ್ ಸೂಕ್ತ?

ಮುಹೂರ್ತದ ವೇಳೆಗೆ ಧಾರಾ ಮಂಟಪದ ಸುತ್ತ ನೆಂಟರಿಷ್ಟರು ಕಿಕ್ಕಿರಿದು ನಿಲ್ಲುತ್ತಾರೆ. ಪುರೋಹಿತರ ಹಿಂದೆಯೋ ಕಂಬದ ಬದಿಯಲ್ಲೋ ವೀಡಿಯೊ ಛಾಯಾಗ್ರಾಹಕನಿಗೆ ದಕ್ಕುವುದು ಐದಾರು ಅಡಿ ಜಾಗ ಮಾತ್ರ. ವಧೂವರರು, ಎರಡೂ ಕಡೆಯ ತಂದೆ ತಾಯಿ, ಧಾರೆ ಎರೆಯುವ ಕೈಗಳು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಮುಂಜಾನೆಯ ಮುಹೂರ್ತದಲ್ಲಿ, ಮನೆಯಂಗಳದ ಚಪ್ಪರದಡಿ ಅಥವಾ ರಾತ್ರಿಯ ಆರತಕ್ಷತೆಯಲ್ಲಿ ಇರುವ ಬೆಳಕು ಕಣ್ಣಿಗೆ ಸಾಕೆನಿಸಿದರೂ ಕ್ಯಾಮೆರಾಕ್ಕೆ ಸಾಲದು. ಮಾಂಗಲ್ಯಧಾರಣೆಯನ್ನು ವೀಡಿಯೊ ಸರಿಬರಲಿಲ್ಲವೆಂದು ಮತ್ತೊಮ್ಮೆ ಮಾಡಿಸುವಂತಿಲ್ಲ. ಆದ್ದರಿಂದಲೇ ಲೆನ್ಸ್‌ನ ಆಯ್ಕೆ ಕೇವಲ ಹವ್ಯಾಸದ ಮಾತಾಗದೆ, ಛಾಯಾಗ್ರಾಹಕನ ಹೆಸರು ಮತ್ತು ಕುಟುಂಬವೊಂದರ ನೆನಪು ಎರಡನ್ನೂ ನಿರ್ಧರಿಸುವ ಸಂಗತಿಯಾಗುತ್ತದೆ.

ಟೇಪ್ ಕ್ಯಾಮೆರಾಗಳ ಕಾಲದಲ್ಲಿ ಈ ಕೊರತೆಯನ್ನು ಹ್ಯಾಲೊಜೆನ್ ದೀಪ ನೀಗಿಸುತ್ತಿತ್ತು. ಸಹಾಯಕನೊಬ್ಬ ಅದನ್ನು ಎತ್ತಿ ಹಿಡಿದು ಹಿಂದೆಯೇ ಬರುತ್ತಿದ್ದ. ಹೋಮದ ಹೊಗೆಯ ಜತೆಗೆ ಆ ಪ್ರಖರ ಬೆಳಕಿಗೂ ವಧೂವರರ ಕಣ್ಣಲ್ಲಿ ನೀರಾಡುತ್ತಿತ್ತು. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಸ್ಥಿರಚಿತ್ರದ ಕ್ಯಾಮೆರಾಗಳಲ್ಲೇ ವೀಡಿಯೊ ತೆಗೆಯುವ ಪದ್ಧತಿ ಆರಂಭವಾಯಿತು. ದೊಡ್ಡ ಸೆನ್ಸರ್‌ನ ಜತೆಗೆ, ಸ್ಥಿರಚಿತ್ರಕ್ಕೆಂದೇ ತಯಾರಾದ ಉತ್ತಮ ಲೆನ್ಸ್‌ಗಳನ್ನು ವೀಡಿಯೊಗೂ ಬಳಸುವುದು ಸಾಧ್ಯವಾಯಿತು. ಯಾವುದನ್ನು ಆರಿಸಬೇಕೆಂಬ ಗೊಂದಲ ಹುಟ್ಟಿದ್ದೂ ಆಗಲೇ.

ಎಷ್ಟು ಅಗಲ ಬೇಕು?

ಲೆನ್ಸ್‌ನ ಮೇಲೆ ನಮೂದಿಸಿರುವ ಮಿಲಿಮೀಟರ್ ಸಂಖ್ಯೆಯು ಅದರ ನಾಭಿದೂರವನ್ನು ಸೂಚಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ನೋಟ ವಿಶಾಲ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲವಿರುವುದರಿಂದ ಲೆಕ್ಕ ಸುಲಭ: ವಸ್ತುವಿನ ದೂರವನ್ನು 36ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದರೆ ಎಷ್ಟು ಅಗಲದ ದೃಶ್ಯ ಸೆರೆಯಾಗುತ್ತದೆಂಬುದು ತಿಳಿಯುತ್ತದೆ.

ಛಾಯಾಗ್ರಾಹಕನು ಆರು ಅಡಿ ದೂರದಲ್ಲಿ ನಿಂತಿದ್ದಾನೆಂದು ಭಾವಿಸೋಣ. 35 ಮಿ.ಮೀ. ಲೆನ್ಸ್‌ನಲ್ಲಿ ಸುಮಾರು 6 ಅಡಿ ಅಗಲ, 24ರಲ್ಲಿ 9 ಅಡಿ, 20ರಲ್ಲಿ ಸುಮಾರು 11 ಅಡಿ, 16ರಲ್ಲಿ 13.5 ಅಡಿ ಮತ್ತು 14ರಲ್ಲಿ 15 ಅಡಿಗೂ ತುಸು ಹೆಚ್ಚು ದೃಶ್ಯ ದೊರೆಯುತ್ತದೆ. ಆದರೆ ಅಗಲಕ್ಕಿಂತ ಎತ್ತರವೇ ಹಲವರನ್ನು ಕಾಡುವ ಸಮಸ್ಯೆ. ವೀಡಿಯೊ ಚೌಕಟ್ಟಿನ ಎತ್ತರ ಅಗಲದ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ. ಅದೇ ಆರು ಅಡಿ ದೂರದಿಂದ 24 ಮಿ.ಮೀ. ಲೆನ್ಸ್ ಐದು ಅಡಿ ಎತ್ತರವನ್ನಷ್ಟೇ ಹಿಡಿಯುತ್ತದೆ. ನಿಂತಿರುವ ವರನ ಪೇಟ ಅಥವಾ ಪಾದ, ಎರಡರಲ್ಲೊಂದು ಹೊರಗುಳಿಯುತ್ತದೆ. 16 ಮಿ.ಮೀ. ಲೆನ್ಸ್‌ನಲ್ಲಿ ಏಳೂವರೆ ಅಡಿ ಎತ್ತರ ಬರುವುದರಿಂದ ಇಕ್ಕಟ್ಟಿನಲ್ಲೂ ಪೂರ್ಣ ದೃಶ್ಯ ದಕ್ಕುತ್ತದೆ.

ಸೆನ್ಸರ್ ಗಾತ್ರ ಮರೆಯಬಾರದು

ಮೇಲಿನ ಲೆಕ್ಕ ಫುಲ್ ಫ್ರೇಮ್ ಕ್ಯಾಮೆರಾಗಳಿಗೆ ಅನ್ವಯಿಸುತ್ತದೆ. ಎಪಿಎಸ್-ಸಿ ಸೆನ್ಸರ್ ಇರುವ ಸೋನಿ, ನಿಕಾನ್ ಮತ್ತು ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಿ ನಾಭಿದೂರವನ್ನು 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 2ರಿಂದ ಗುಣಿಸಬೇಕು. ಅಂದರೆ 16 ಮಿ.ಮೀ. ಲೆನ್ಸ್ ಸೋನಿಯ ಎಪಿಎಸ್-ಸಿ ಕ್ಯಾಮೆರಾದಲ್ಲಿ 24 ಮಿ.ಮೀ.ನಷ್ಟೇ ಅಗಲ ತೋರಿಸುತ್ತದೆ.

ಇದರ ಜತೆಗೆ ಎಲೆಕ್ಟ್ರಾನಿಕ್ ಸ್ಥಿರೀಕರಣವನ್ನು ಚಾಲೂ ಮಾಡಿದರೆ ಚೌಕಟ್ಟಿನ ಅಂಚು ಕತ್ತರಿಸಲ್ಪಡುತ್ತದೆ. ಕೆಲವು ಕ್ಯಾಮೆರಾಗಳು 4ಕೆ ವೀಡಿಯೊದಲ್ಲಿ ಸೆಕೆಂಡಿಗೆ 50 ಚಿತ್ರ ತೆಗೆಯುವಾಗಲೂ ಸೆನ್ಸರ್‌ನ ಮಧ್ಯಭಾಗವನ್ನಷ್ಟೇ ಬಳಸುತ್ತವೆ. ಕೊಂಡದ್ದು ಅಲ್ಟ್ರಾ ವೈಡ್, ಸಿಕ್ಕಿದ್ದು ಸಾಧಾರಣ ವೈಡ್ ಎಂಬ ನಿರಾಶೆಗೆ ಇದೇ ಕಾರಣ.

ಬೆಳಕಿನ ಲೆಕ್ಕಾಚಾರ

ಲೆನ್ಸ್ ಎಷ್ಟು ಬೆಳಕನ್ನು ಒಳಬಿಡುತ್ತದೆಂಬುದನ್ನು ಎಫ್ ಸಂಖ್ಯೆ ಹೇಳುತ್ತದೆ. ಇಲ್ಲಿಯೂ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್ 4ಕ್ಕಿಂತ ಎಫ್ 2.8 ಎರಡು ಪಟ್ಟು, ಎಫ್ 1.8 ಸುಮಾರು ಐದು ಪಟ್ಟು, ಎಫ್ 1.4 ಎಂಟು ಪಟ್ಟು ಬೆಳಕು ನೀಡುತ್ತವೆ. ಎಫ್ 4 ಲೆನ್ಸ್‌ಗೆ ಐಎಸ್‌ಒ 6400 ಬೇಕಾಗುವ ಕಡೆ ಎಫ್ 2.8ಕ್ಕೆ 3200, ಎಫ್ 1.4ಕ್ಕೆ 800 ಸಾಕು. ಐಎಸ್‌ಒ ಏರಿದಂತೆಲ್ಲ ಚಿತ್ರದಲ್ಲಿ ಕಾಳುಕಾಳಾದ ಚುಕ್ಕೆಗಳು ಹೆಚ್ಚಿ, ಕಪ್ಪು ಕೂದಲು ಮತ್ತು ಗಾಢ ಬಣ್ಣದ ರೇಷ್ಮೆ ಸೀರೆಯ ವಿವರಗಳು ಮೊದಲು ಮಾಸುತ್ತವೆ.

ಸ್ಥಿರಚಿತ್ರದಲ್ಲಿ ಷಟರ್ ವೇಗವನ್ನು ತಗ್ಗಿಸಿ ಬೆಳಕು ಗಳಿಸಬಹುದು. ವೀಡಿಯೊದಲ್ಲಿ ಆ ಅವಕಾಶ ಕಡಿಮೆ. ಸೆಕೆಂಡಿಗೆ 25 ಚಿತ್ರಗಳಾದರೆ ಷಟರ್ ಸಾಮಾನ್ಯವಾಗಿ 1/50 ಇರುತ್ತದೆ. ನಿಧಾನಗತಿಯ ದೃಶ್ಯಕ್ಕಾಗಿ ಸೆಕೆಂಡಿಗೆ 100 ಚಿತ್ರ ತೆಗೆದರೆ ಷಟರ್ 1/200ಕ್ಕೆ ಏರಿ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದಾದ ಕಾರಣ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. 1/50 ಅಥವಾ 1/100 ಷಟರ್‌ನಲ್ಲಿ ಈ ಮಿನುಗು ಸಾಮಾನ್ಯವಾಗಿ ಕಾಣದು. 1/60 ಅಥವಾ 1/200ರಲ್ಲಿ ಪಟ್ಟೆಗಳಾಗಿ ಕಾಣಿಸಿಕೊಳ್ಳುತ್ತದೆ. ಎಷ್ಟೇ ಬೆಲೆಯ ಲೆನ್ಸ್ ಆದರೂ ಈ ದೋಷವನ್ನು ತಡೆಯಲಾರದು.

ಝೂಮ್ ಲೆನ್ಸ್‌ಗಳಲ್ಲಿ ಎಫ್ ಸಂಖ್ಯೆ ಸ್ಥಿರವಾಗಿದೆಯೇ ಎಂಬುದನ್ನು ಗಮನಿಸಬೇಕು. ಎಫ್ 3.5-5.6 ಎಂದು ನಮೂದಿಸಿರುವ ಲೆನ್ಸ್‌ನಲ್ಲಿ ಝೂಮ್ ಮಾಡಿದಂತೆ ಚಿತ್ರ ಕಪ್ಪಾಗುತ್ತದೆ.

ಝೂಮ್ ಅಥವಾ ಪ್ರೈಮ್?

ಒಬ್ಬನೇ ಛಾಯಾಗ್ರಾಹಕ ಇಡೀ ಸಮಾರಂಭವನ್ನು ನಿಭಾಯಿಸುವುದಾದರೆ 16-35 ಅಥವಾ 17-28 ಮಿ.ಮೀ. ವ್ಯಾಪ್ತಿಯ ಎಫ್ 2.8 ಝೂಮ್ ಅನುಕೂಲಕರ. ನಾಗಸ್ವರದವರು, ಮಂಟಪ, ಊಟದ ಪಂಕ್ತಿ ಎಲ್ಲಕ್ಕೂ ಲೆನ್ಸ್ ಬದಲಿಸದೆ ಹೊಂದಿಕೊಳ್ಳಬಹುದು. ಬೆಳಕು ಇನ್ನೂ ಕಡಿಮೆಯಿದ್ದು, ಎರಡು ಕ್ಯಾಮೆರಾಗಳಿದ್ದರೆ ಒಂದಕ್ಕೆ 20 ಮಿ.ಮೀ. ಎಫ್ 1.8ರಂಥ ಪ್ರೈಮ್ ಲೆನ್ಸ್ ಹಾಕುವುದು ಲೇಸು.

ಫುಲ್ ಫ್ರೇಮ್‌ನಲ್ಲಿ ಸೋನಿಯ 20 ಮಿ.ಮೀ. ಎಫ್ 1.8 ಜಿ (2020) 373 ಗ್ರಾಂ ಮತ್ತು 14 ಮಿ.ಮೀ. ಎಫ್ 1.8 ಜಿಎಂ (2021) 460 ಗ್ರಾಂ ತೂಗುತ್ತವೆ. ಇದೇ ಸಂಸ್ಥೆಯ 16-35 ಎಫ್ 2.8 ಜಿಎಂನ ಎರಡನೇ ಆವೃತ್ತಿ (2023) 547 ಗ್ರಾಂ ಇದೆ. ಟ್ಯಾಮ್ರಾನ್ 17-28 ಎಫ್ 2.8 (2019) 420 ಗ್ರಾಂ. ನಿಕಾನ್ ಝಡ್ ಶ್ರೇಣಿಯ 20 ಮಿ.ಮೀ. ಎಫ್ 1.8 (2020) 505 ಗ್ರಾಂ. ಕ್ಯಾನನ್ ಆರ್‌ಎಫ್ 16 ಮಿ.ಮೀ. ಎಫ್ 2.8 (2021) ಕೇವಲ 165 ಗ್ರಾಂ ಇದ್ದು, ಬಜೆಟ್ ಕಡಿಮೆ ಇರುವವರಿಗೆ ಯೋಗ್ಯ. ಸಿಗ್ಮಾದ 14 ಮಿ.ಮೀ. ಎಫ್ 1.4 (2023) ಬೆಳಕಿನಲ್ಲಿ ಎಲ್ಲವನ್ನೂ ಮೀರಿಸಿದರೂ ತೂಕ ಒಂದು ಕಿಲೋ ದಾಟುತ್ತದೆ. ಗಿಂಬಲ್‌ನ ಮೇಲೆ ಗಂಟೆಗಟ್ಟಲೆ ದುಡಿಯುವವರಿಗೆ ಈ ವ್ಯತ್ಯಾಸ ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಅರಿವಾಗುತ್ತದೆ.

ಎಪಿಎಸ್-ಸಿ ಕ್ಯಾಮೆರಾಗಳಿಗೆ ಟ್ಯಾಮ್ರಾನ್ 11-20 ಎಫ್ 2.8 (2021), ಸೋನಿ 11 ಮಿ.ಮೀ. ಎಫ್ 1.8 (2022), ಮೈಕ್ರೊ ಫೋರ್ ಥರ್ಡ್ಸ್‌ಗೆ ಪ್ಯಾನಸೋನಿಕ್ ಲೈಕಾ 9 ಮಿ.ಮೀ. ಎಫ್ 1.7 (2022) ಲಭ್ಯ. ಆಯಾ ಕ್ಯಾಮೆರಾದ ಮೌಂಟ್‌ಗೆ ಹೊಂದುವ ಲೆನ್ಸ್‌ನ್ನೇ ಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಂಚಿನಲ್ಲಿ ನಿಂತ ಸೋದರತ್ತೆ

ಅಲ್ಟ್ರಾ ವೈಡ್ ಲೆನ್ಸ್ ಗೋಡೆ, ಕಂಬಗಳನ್ನು ನೇರವಾಗಿ ತೋರಿಸುತ್ತದೆ. ಅದಕ್ಕೆ ತೆರುವ ಬೆಲೆಯೇ ಅಂಚಿನ ಎಳೆತ. 24 ಮಿ.ಮೀ. ಚೌಕಟ್ಟಿನ ಕೊನೆಯಲ್ಲಿ ನಿಂತವರ ಮುಖ ಸುಮಾರು ಕಾಲು ಭಾಗದಷ್ಟು ಅಗಲವಾದರೆ, 16 ಮಿ.ಮೀ.ನಲ್ಲಿ ಒಂದೂವರೆ ಪಟ್ಟು ಅಗಲವಾಗಿ ಕಾಣುತ್ತದೆ. ಇದು ಅಗ್ಗದ ಲೆನ್ಸ್‌ನ ದೋಷವಲ್ಲ, ನೋಟದ ಕೋನದ ಗಣಿತ. ವೇದಿಕೆಯ ಮೇಲೆ ಕುಟುಂಬ ಸಾಲಾಗಿ ನಿಂತಾಗ ಅಂಚಿನಲ್ಲಿರುವ ಸೋದರತ್ತೆ ವೀಡಿಯೊ ನೋಡಿ ಮುನಿಸಿಕೊಂಡರೆ ಆಶ್ಚರ್ಯವಿಲ್ಲ. ಹಿಂದೆ ಸರಿಯಲು ಜಾಗವಿದ್ದರೆ 24 ಅಥವಾ 35 ಮಿ.ಮೀ.ಗೆ ಬದಲಾಯಿಸಿ, ಮುಖಗಳನ್ನು ಚೌಕಟ್ಟಿನ ಮಧ್ಯಕ್ಕೆ ತರುವುದೇ ಪರಿಹಾರ.

ಲೆನ್ಸ್‌ನ್ನು ಪೂರ್ಣ ತೆರೆದಾಗ ಮೂಲೆಗಳು ಕಪ್ಪಾಗುವುದು ಹಾಗೂ ಸೀರಿಯಲ್ ದೀಪಗಳು ಮೂಲೆಯಲ್ಲಿ ಬಾಲ ಬಂದಂತೆ ಕಾಣುವುದು ಇನ್ನೆರಡು ದೋಷಗಳು. ಮೂಲೆಯ ಕಪ್ಪನ್ನು ಸಂಕಲನದಲ್ಲಿ ಸರಿಪಡಿಸಿದರೆ ಅಲ್ಲಿ ಚುಕ್ಕೆಗಳು ಹೆಚ್ಚುತ್ತವೆ.

ಫೋಕಸ್ ವಿಷಯದಲ್ಲಿ ಮಾತ್ರ ಈ ಲೆನ್ಸ್‌ಗಳು ಉದಾರಿಗಳು. ಫುಲ್ ಫ್ರೇಮ್‌ನಲ್ಲಿ 16 ಮಿ.ಮೀ. ಲೆನ್ಸ್ ಅನ್ನು ಎಫ್ 2.8ರಲ್ಲಿ ಸುಮಾರು ಮೂರು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಒಂದೂವರೆ ಮೀಟರ್‌ನಿಂದ ಆಚೆಗಿನ ಎಲ್ಲವೂ ಬಹುಮಟ್ಟಿಗೆ ಸ್ಪಷ್ಟವಾಗಿರುತ್ತದೆ. ಕತ್ತಲಲ್ಲಿ ಆಟೋ ಫೋಕಸ್ ತಡವರಿಸುವಾಗ ಇದು ನೆರವಿಗೆ ಬರುತ್ತದೆ.

ಕೊಳ್ಳುವ ಮುನ್ನ

ಒಂದು ಸಮಾರಂಭಕ್ಕೆ ಬಾಡಿಗೆಗೆ ತಂದು ಪರೀಕ್ಷಿಸುವುದು ಜಾಣತನ. ಸಂಜೆ ಮನೆಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಪೂರ್ಣ ತೆರೆದು ವೀಡಿಯೊ ತೆಗೆದು, ಮೊಬೈಲ್‌ನಲ್ಲಲ್ಲದೆ ದೊಡ್ಡ ಪರದೆಯಲ್ಲಿ ಮೂಲೆಗಳನ್ನು ನೋಡಬೇಕು. ಮೈಕ್‌ನಲ್ಲಿ ಫೋಕಸ್ ಮೋಟಾರಿನ ಸದ್ದು ಕೇಳುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹಳೆಯ ಲೆನ್ಸ್ ಕೊಳ್ಳುವವರು ಟಾರ್ಚ್ ಹಾಯಿಸಿ ಒಳಗಿನ ಗಾಜಿನಲ್ಲಿ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡುವುದು ಅಗತ್ಯ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವದಲ್ಲಿ ಇದು ಬಲುಬೇಗ ಹಬ್ಬುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ಕಾಪಾಡಬೇಕು. ಆರತಕ್ಷತೆಯಲ್ಲಿ ಡಿಜೆ ತಂಡ ಲೇಸರ್ ಬೆಳಕು ಬಳಸುವುದಾದರೆ ಕಿರಣ ನೇರ ಲೆನ್ಸ್‌ಗೆ ಬೀಳದಂತೆ ಎಚ್ಚರ ವಹಿಸಬೇಕು. ಅದು ಸೆನ್ಸರ್‌ಗೆ ಶಾಶ್ವತ ಹಾನಿ ಮಾಡಬಲ್ಲದು.

ಮದುವೆಯ ವೀಡಿಯೊ ಒಪ್ಪಿಸುವ ಕುಟುಂಬದವರಿಗೂ ಒಂದು ಮಾತು. ಎಷ್ಟು ಕ್ಯಾಮೆರಾ, ಎಷ್ಟು ಆಲ್ಬಂ ಎಂದಷ್ಟೇ ಕೇಳದೆ, ಕಡಿಮೆ ಬೆಳಕಿನಲ್ಲಿ ತೆಗೆದ ಹಿಂದಿನ ಕೆಲಸದ ತುಣುಕೊಂದನ್ನು ತೋರಿಸುವಂತೆ ಕೇಳಿ. ಸಾಧ್ಯವಾದರೆ ಮಂಟಪದ ಮುಂದೆ ನಾಲ್ಕು ಅಡಿ ಜಾಗ ಬಿಡಿಸಿಕೊಡಿ, ಮೇಲೆ ಎರಡು ದೀಪ ಹೆಚ್ಚು ಹಾಕಿಸಿ. ದುಬಾರಿ ಲೆನ್ಸ್ ಮಾಡುವ ಅರ್ಧ ಕೆಲಸವನ್ನು ಇವೇ ಮಾಡಿ ಮುಗಿಸುತ್ತವೆ.