ಎಂಬಿಎಗೂ ಪಿಎಚ್‌ಡಿಗೂ ನಡುವಿನ ಮೆಟ್ಟಿಲು

ಹಾರ್ವರ್ಡ್ ವಿಶ್ವವಿದ್ಯಾಲಯ 1908ರಲ್ಲಿ ಎಂಬಿಎ ಆರಂಭಿಸಿದಾಗ ಅದರ ಗುರಿ ಕಂಪನಿ ನಡೆಸಬಲ್ಲವರನ್ನು ತಯಾರು ಮಾಡುವುದಾಗಿತ್ತು, ಸಂಶೋಧಕರನ್ನಲ್ಲ. ಐವತ್ತು ವರ್ಷ ಹೀಗೇ ನಡೆಯಿತು. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಸಂಸ್ಥೆಗಳ ನೆರವಿನಿಂದ ಹೊರಬಂದ ಎರಡು ವರದಿಗಳು, ಅಮೆರಿಕದ ಬಿಸಿನೆಸ್ ಶಾಲೆಗಳ ಪಾಠಕ್ಕೆ ಶಾಸ್ತ್ರದ ಬುನಾದಿಯೇ ಸಾಲದು ಎಂದು ಖಂಡಿಸಿದವು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರಗಳು ಈ ವಿಷಯದೊಳಗೆ ಗಟ್ಟಿಯಾಗಿ ಬೇರೂರಿದ್ದು ಆಮೇಲೆ.

ಸಂಶೋಧನೆಗೆಂದೇ ಮೀಸಲಾದ ಸ್ನಾತಕೋತ್ತರ ಪದವಿ ಚೆನ್ನಾಗಿ ಬೆಳೆದದ್ದು ಯುರೋಪಿನಲ್ಲಿ. ನೆದರ್ಲೆಂಡ್ಸ್‌ನ ಟಿಲ್‌ಬರ್ಗ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಇದು ಎರಡು ವರ್ಷದ, 120 ಕ್ರೆಡಿಟ್‌ಗಳ ಓದು. ಸಿದ್ಧಾಂತ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಕಲಿತು, ಕೊನೆಗೆ ಸ್ವಂತ ಪ್ರಬಂಧ ಬರೆಯಬೇಕು. ಪಿಎಚ್‌ಡಿಗೆ ಹೋಗುವವರಿಗೆ ಇದೇ ಹೆಬ್ಬಾಗಿಲು.

ನಮ್ಮಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನ ಐಐಎಂಗಳು 1961ರಲ್ಲಿ, ಬೆಂಗಳೂರಿನದು 1973ರಲ್ಲಿ ಬಂದವು. ಪದವಿ ಕೊಡುವ ಅಧಿಕಾರ ಅವಕ್ಕಿರಲಿಲ್ಲವಾದ್ದರಿಂದ ಮ್ಯಾನೇಜರ್ ಆಗುವವರಿಗೆ ಡಿಪ್ಲೊಮಾ, ಸಂಶೋಧನೆ ಮಾಡುವವರಿಗೆ ‘ಫೆಲೋ’ ಎಂಬ ಬಿರುದು. 2018ರಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲಷ್ಟೇ ಅವು ಎಂಬಿಎ, ಪಿಎಚ್‌ಡಿ ಕೊಡುವಂತಾದವು. ಎರಡರ ನಡುವಿನ ಮೆಟ್ಟಿಲಿದ್ದದ್ದು ವಿಶ್ವವಿದ್ಯಾಲಯಗಳ ವಾಣಿಜ್ಯ ವಿಭಾಗಗಳಲ್ಲಿ. ಅದೇ ಎಂ.ಫಿಲ್.

ಎಂ.ಫಿಲ್. ಬಗ್ಗೆ ದೂರುಗಳಿದ್ದವು, ಸುಳ್ಳಲ್ಲ. ಅಂಚೆ ಶಿಕ್ಷಣದಲ್ಲೂ ಅದನ್ನು ಹಂಚಿದ ಕಾಲವಿತ್ತು. 2009ರ ನಿಯಮಗಳಲ್ಲಿ ಯುಜಿಸಿ ಅದಕ್ಕೆ ತಡೆ ಹಾಕಿತು. ಆದರೂ ಎಂ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಸಿನಾಪ್ಸಿಸ್ ಬರೆಯುವುದನ್ನು, ಗೈಡ್ ಕೇಳುವ ಪ್ರಶ್ನೆಗೆ ಆಧಾರ ಸಮೇತ ಉತ್ತರಿಸುವುದನ್ನು, ವೈವಾ ಎದುರಿಸುವುದನ್ನು ಕಲಿತದ್ದು ಅಲ್ಲೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಬೇಡವೆಂದಿತು. 2022ರ ನವೆಂಬರಿನಲ್ಲಿ ಯುಜಿಸಿ ಅದನ್ನು ನಿಲ್ಲಿಸಿತು. ಕೆಡುಕನ್ನು ತಿದ್ದುವ ಬದಲು ಮೆಟ್ಟಿಲನ್ನೇ ಕಿತ್ತುಹಾಕಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅದರ ಜಾಗಕ್ಕೆ ಬರಬೇಕಿದ್ದದ್ದು ನಾಲ್ಕು ವರ್ಷದ ಪದವಿಯ ಸಂಶೋಧನಾ ವರ್ಷ. ಕರ್ನಾಟಕ 2021-22ರಲ್ಲಿ ಎಲ್ಲರಿಗಿಂತ ಮೊದಲು ಆ ದಾರಿ ಹಿಡಿದು, 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಉಳಿದಿರುವುದು ಎಂ.ಕಾಂ., ಎಂಬಿಎ ಮಾತ್ರ.

ಅಲ್ಲಿನ ಪ್ರಾಜೆಕ್ಟ್ ವರದಿಗಳನ್ನು ತೆರೆದು ನೋಡಿ. ಬಹಳಷ್ಟು ಒಂದೇ ಅಚ್ಚಿನವು. ಯಾವುದೋ ಕಂಪನಿಯ ಗ್ರಾಹಕರ ತೃಪ್ತಿ, ನೂರು ಜನಕ್ಕೆ ಹಂಚಿದ ಪ್ರಶ್ನಾವಳಿ, ಪ್ರತಿ ಪ್ರಶ್ನೆಗೂ ಶೇಕಡಾವಾರು ಕೋಷ್ಟಕ, ಕೆಳಗೊಂದು ಪೈ ಚಾರ್ಟ್, ಕೊನೆಗೆ ಜಾಹೀರಾತು ಹೆಚ್ಚಿಸಬೇಕೆಂಬ ಸಲಹೆ. ಆ ನೂರು ಜನ ಯಾರು, ಅವರನ್ನೇ ಏಕೆ ಆರಿಸಲಾಯಿತು ಎಂದು ವೈವಾದಲ್ಲೂ ಯಾರೂ ಕೇಳುವುದಿಲ್ಲ.

ಇದಕ್ಕೆ ಎದುರಾಗಿ ಒಂದು ಉದಾಹರಣೆ. ಎಪಿಎಂಸಿಗಳನ್ನು ಆನ್‌ಲೈನ್ ಟೆಂಡರ್‌ನಲ್ಲಿ ಬೆಸೆಯುವ ಏಕೀಕೃತ ಮಾರುಕಟ್ಟೆ ವೇದಿಕೆ ಕರ್ನಾಟಕದಲ್ಲಿ 2014ರಲ್ಲಿ ಶುರುವಾಯಿತು. ಅದರಿಂದ ರೈತನಿಗೆ ಲಾಭವಾಯಿತೇ? ದರ ಏರಿದೆ ಎಂದರೆ ಸಾಲದು. ಮಳೆ ಕೈಕೊಟ್ಟರೂ ದರ ಏರುತ್ತದೆ. ವೇದಿಕೆ ಬಾರದೇ ಇದ್ದಿದ್ದರೆ ಅದೇ ಮಂಡಿಯಲ್ಲಿ ದರ ಎಷ್ಟಿರುತ್ತಿತ್ತು ಎಂದು ಅಂದಾಜು ಮಾಡಬೇಕು. ಅಮೆರಿಕದ ಎಂಐಟಿಯ ಸಂಶೋಧಕರು ಈ ಲೆಕ್ಕವನ್ನೇ ಹಾಕಿ, ಭತ್ತ, ಶೇಂಗಾ, ಮೆಕ್ಕೆಜೋಳದ ದರ ಹೆಚ್ಚಿದ್ದನ್ನು ತೋರಿಸಿದರು. ನಮ್ಮ ಮಂಡಿಗಳ ಇಂಥ ಪ್ರಶ್ನೆ ಧಾರವಾಡ, ಮೈಸೂರು, ಕಲಬುರಗಿಯ ವಿದ್ಯಾರ್ಥಿಗಳ ಕೈಯಲ್ಲೂ ಇರಬೇಕು.

ಅದಕ್ಕೆ ದಾರಿ ಪೂರ್ತಿ ಮುಚ್ಚಿಲ್ಲ. ಎರಡು ವರ್ಷದ ಸ್ನಾತಕೋತ್ತರ ಪದವಿಯ ಎರಡನೇ ವರ್ಷವನ್ನು ಸಂಪೂರ್ಣ ಸಂಶೋಧನೆಗೇ ಬಿಡಬಹುದು ಎಂದು ಯುಜಿಸಿಯ 2024ರ ಚೌಕಟ್ಟು ಹೇಳುತ್ತದೆ. ನಮ್ಮ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಭಾಗಗಳು ಆಸಕ್ತಿಯಿರುವ ಹತ್ತು ವಿದ್ಯಾರ್ಥಿಗಳಿಗಾದರೂ ಈ ಆಯ್ಕೆಯನ್ನು ಕೊಡಲಿ. ಆರಿಸಿಕೊಳ್ಳುವವರೂ ಸೇರುವ ಮುನ್ನ ಮೂರು ವಿಷಯ ವಿಚಾರಿಸಿಕೊಳ್ಳಲಿ: ಗೈಡ್ ಇತ್ತೀಚೆಗೆ ಏನು ಪ್ರಕಟಿಸಿದ್ದಾರೆ, ಸಂಖ್ಯಾಶಾಸ್ತ್ರವನ್ನು ಯಾರು ಕಲಿಸುತ್ತಾರೆ, ಕಂಪನಿಗಳ ಲೆಕ್ಕಪತ್ರ ಸಿಗುವ ಪ್ರೊವೆಸ್‌ನಂಥ ದತ್ತಾಂಶ ಲೈಬ್ರರಿಯಲ್ಲಿದೆಯೇ.