ಮೈನಸ್ ಹದಿನೈದು ಅಂದ್ರೆ ಏನಪ್ಪಾ?

ಕ್ರೀಡಾ ಕಾಮೆಂಟರಿಯಲ್ಲಿ ಅತಿ ಕಷ್ಟದ ಕೆಲಸ ಯಾವುದು ಅಂತ ಕೇಳಿದ್ರೆ ನಾನು ಗಾಲ್ಫ್ ಅಂತೀನಿ. ನಾಲ್ಕು ದಿನದ ಆಟ. ಅದರಲ್ಲಿ ಬಹುಪಾಲು ಹೊತ್ತು ಆಟಗಾರರು ನಡೀತಾ ಇರ್ತಾರೆ, ಇಲ್ಲ ಹುಲ್ಲು ನೋಡ್ತಾ ನಿಂತಿರ್ತಾರೆ. ಅಷ್ಟು ಹೊತ್ತೂ ಏನು ಮಾತಾಡೋದು?

ಬಿಬಿಸಿಯ ಹೆನ್ರಿ ಲಾಂಗ್‌ಹರ್ಸ್ಟ್ ಇದಕ್ಕೆ ಕಂಡುಕೊಂಡ ಉತ್ತರ: ಮಾತಾಡದೇ ಇರೋದು. ಮೂಲತಃ ಪತ್ರಿಕೆಯ ಅಂಕಣಕಾರ. ಚಿತ್ರ ಹೇಳೋದನ್ನ ನಾನ್ಯಾಕೆ ಮತ್ತೆ ಹೇಳಲಿ ಅನ್ನೋ ಹಾಗೆ ಸುಮ್ಮನಿರುತ್ತಿದ್ದರು. ಆ ಮೌನಕ್ಕೇ ಅವರು ಹೆಸರಾದರು.

ಅಮೆರಿಕದಲ್ಲಿ ಒಂದೇ ಒಂದು ಪದ ಒಬ್ಬರ ಕೆಲಸಕ್ಕೆ ಕುತ್ತು ತಂದಿತ್ತು. 1966ರ ಮಾಸ್ಟರ್ಸ್ ಟೂರ್ನಿಯಲ್ಲಿ ಸಿಬಿಎಸ್‌ನ ಜ್ಯಾಕ್ ವಿಟೇಕರ್ ಪ್ರೇಕ್ಷಕರನ್ನ ‘ಮಾಬ್’, ಅಂದ್ರೆ ಗುಂಪುಗೂಡಿದ ಜನ, ಅಂದುಬಿಟ್ಟರು. ಅಗಸ್ಟಾ ಕ್ಲಬ್ಬಿನ ದೊಡ್ಡವರಿಗೆ ಸಿಟ್ಟು ಬಂತು. ಅವರ ಪ್ರಕಾರ ಅಲ್ಲಿಗೆ ಬರೋರು ‘ಪೇಟ್ರನ್’ಗಳು. ವಿಟೇಕರ್ ಕೆಲವು ವರ್ಷ ಆ ಟೂರ್ನಿಯ ಮೈಕಿನಿಂದ ದೂರ ಉಳಿಯಬೇಕಾಯ್ತು.

ಕೆನ್ ವೆಂಚೂರಿಯದು ಇನ್ನೊಂದೇ ಕಥೆ. ಚಿಕ್ಕಂದಿನಲ್ಲಿ ವಿಪರೀತ ಉಗ್ಗು. ಯಾರ ಜೊತೆಗೂ ಮಾತಾಡಬೇಕಿಲ್ಲ ಅಂತಲೇ ಒಂಟಿ ಆಟ ಗಾಲ್ಫ್ ಹಿಡಿದವರು. 1964ರಲ್ಲಿ ಸುಡುಬಿಸಿಲಲ್ಲಿ ಕುಸಿಯುವ ಸ್ಥಿತಿಯಲ್ಲೂ ಯುಎಸ್ ಓಪನ್ ಗೆದ್ದರು. ಆಮೇಲೆ ಕೈಗಳು ಕೈಕೊಟ್ಟವು. ಮಾತಿಗೆ ಹೆದರಿ ಆಟಕ್ಕೆ ಬಂದ ಆ ಮನುಷ್ಯ 2002ರವರೆಗೆ ಸುಮಾರು 35 ವರ್ಷ ಸಿಬಿಎಸ್‌ನಲ್ಲಿ ಮಾತಾಡಿಯೇ ಬದುಕಿದರು.

ಇದೆಲ್ಲ ನಮಗ್ಯಾಕೆ ಅಂತೀರಾ? ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆಟ ನಮ್ಮ ನೆಲಕ್ಕೆ ಬಂದು ಒಂದೂವರೆ ಶತಮಾನ ಆಯ್ತು, ನಮ್ಮ ಮಾತಿಗೆ ಮಾತ್ರ ಬರಲಿಲ್ಲ. ಕಾಂಪೌಂಡ್ ಗೋಡೆಗಿಂತ ಭಾಷೆಯ ಗೋಡೆಯೇ ಎತ್ತರ.

ಇದು ನನಗೆ ಹೊಳೆದದ್ದು 2021ರ ಆಗಸ್ಟ್ 7ರಂದು. ಟೋಕಿಯೊ ಒಲಿಂಪಿಕ್ಸ್, ಕೊನೆಯ ಸುತ್ತು. ವಿಶ್ವ ರ್‍ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹಾದಿಯಲ್ಲಿದ್ದರು. ಬ್ಯಾಗ್ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಒಂದು ದಿನವೂ ಗಾಲ್ಫ್ ನೋಡದ ದೇಶ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತಿತ್ತು. ಧರ್ಮಪುರದಿಂದ ದೊಡ್ಡಪ್ಪನ ಫೋನ್: “ಅಲ್ಲಪ್ಪಾ, ಮೈನಸ್ ಇರೋರು ಮುಂದೆ ಹೆಂಗಿರ್ತಾರೆ? ಆ ಟಿವಿಯೋನು ಇಂಗ್ಲಿಷಲ್ಲಿ ಪಿಸುಗುಡ್ತಾನೆ, ಒಂದೂ ತಿಳಿವಲ್ದು.”

ಪ್ರತಿ ಕುಳಿಗೂ ಇಷ್ಟು ಹೊಡೆತ ಅಂತ ಲೆಕ್ಕ ಇರುತ್ತೆ, ಅದಕ್ಕಿಂತ ಒಂದು ಕಮ್ಮಿಯಲ್ಲಿ ಮುಗಿಸಿದ್ರೆ ಮೈನಸ್ ಒಂದು, ಅದೇ ಬರ್ಡಿ ಅಂತ ಹೇಳಿದೆ. ದೊಡ್ಡಪ್ಪ ಒಂದು ಗಳಿಗೆ ಸುಮ್ಮನಿದ್ದು, “ಹಂಗಾದ್ರೆ ನಾಲ್ಕು ನೀರು ಕೇಳೋ ಬೆಳೆನ ಮೂರೇ ನೀರಲ್ಲಿ ತೆಗೆದಂಗೆ ಅನ್ನು” ಅಂದರು. ಹಿರಿಯೂರು ಸೀಮೆಯ ಒಣಭೂಮಿಯಲ್ಲಿ ಇದಕ್ಕಿಂತ ಒಳ್ಳೇ ಕಾಮೆಂಟರಿ ಸಾಧ್ಯವಾ?

ಅದಿತಿ ಮುಗಿಸಿದ್ದು ಮೈನಸ್ 15ಕ್ಕೆ. ಬೆಳ್ಳಿ, ಕಂಚಿನವರು ಮೈನಸ್ 16. ಒಂದೇ ಹೊಡೆತದಲ್ಲಿ ನಾಲ್ಕನೇ ಸ್ಥಾನ. ಅವತ್ತೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು. ಜಾವೆಲಿನ್‌ಗೆ ವಿವರಣೆ ಬೇಕಿರಲಿಲ್ಲ; ದೂರ ಎಸೆದೋರು ಗೆದ್ದರು, ಅಷ್ಟೇ. ಬೆಳಗಿನ ಸಾಹಸ ಎಷ್ಟು ದೊಡ್ಡದು ಅಂತ ಹೇಳೋಕೆ ಮಾತ್ರ ನಮ್ಮ ಮಾತಿನ ಒಬ್ಬರು ಬೇಕಿತ್ತು.

ಸಾಧ್ಯವೇ ಇಲ್ಲ ಅನ್ನೋ ಹಾಗಿಲ್ಲ. 2018ರಲ್ಲಿ ಐಪಿಎಲ್‌ಗೆ ಟಿವಿಯಲ್ಲಿ ಕನ್ನಡ ಕಾಮೆಂಟರಿ ಬಂದಾಗ ಮೂಗು ಮುರಿದವರಿದ್ದರು. ಆದರೆ ವಿಜಯ್ ಭಾರದ್ವಾಜ್‌ರಂಥ ಮಾಜಿ ಆಟಗಾರರು ಮೈಕ್ ಹಿಡಿದ ಮೇಲೆ ಅದು ಮನೆಮನೆಯ ಮಾತಾಯ್ತು. ಪದಗಳು ಮೊದಲು ಹುಟ್ಟಿ ಆಮೇಲೆ ಆಟ ಬರೋದಿಲ್ಲ. ಆಡ್ತಾ, ನೋಡ್ತಾ, ಹೇಳ್ತಾನೇ ಹುಟ್ಟುತ್ತವೆ. ವೆಂಚೂರಿಗೆ ಮೊದಲು ಮಾತೇ ಬರುತ್ತಿರಲಿಲ್ಲ ಅನ್ನೋದನ್ನ ಮರೆಯಬೇಡಿ.